ಅಪ್‌ಡೇಟ್: ಬಿಗ್ ಬಾಯ್ ಕೊನೆಗೂ ತಿರುವು ದಾಟಿತು

18 ಇಂಚು ತ್ರಿಜ್ಯದ ತಿರುವಿನಲ್ಲಿ ನನ್ನ ಎಚ್‌ಒ ಅಳತೆಯ (ಅಸಲಿಯ 87ನೇ ಒಂದು ಭಾಗ) ಬಿಗ್ ಬಾಯ್, ಅಂದರೆ ಅಮೆರಿಕದ ದೈತ್ಯ ಉಗಿ ಎಂಜಿನ್‌ನ ಮಾಡೆಲ್, ಹಳಿ ತಪ್ಪುತ್ತಿದೆ ಅಂತ ಕೇಳಿದ್ದೆನಲ್ಲ, ಈಗ ಸರಿಹೋಯಿತು. ಅಸಲಿ ಎಂಜಿನ್‌ನಲ್ಲಿ ಮುಂದಿನ ಚಕ್ರಗಳ ಗುಂಪು ಮಾತ್ರ ಬಾಯ್ಲರ್ ಕೆಳಗೆ ತಿರುಗುತ್ತದೆ, ನನ್ನ ಮಾಡೆಲ್‌ನಲ್ಲಿ ಹಿಂದಿನ ಗುಂಪೂ ಸೇರಿ ಎರಡೂ ತಿರುಗುತ್ತವೆ, ಬಿಗಿ ತಿರುವಿಗೂ ಬಾಗಬೇಕು, ಹಾಗಾಗಿ ತಪ್ಪು ಹಳಿಯದ್ದೇ ಇರಬೇಕು ಅನ್ನಿಸಿತ್ತು. ಟಾರ್ಚ್ ಹಿಡಿದು ಹಳಿಯ ಮಟ್ಟಕ್ಕೆ ಕಣ್ಣಿಟ್ಟು ನೋಡಿದೆ. ಎರಡು ಹಳಿ ಸೇರುವ ಕಡೆ ಕೂದಲೆಳೆಯಷ್ಟು ಸೊಟ್ಟ! ಮುಂದಿನ ಸಣ್ಣ ಚಕ್ರ ಅಲ್ಲೇ ಹತ್ತಿ ಜಾರುತ್ತಿತ್ತು. ಬಿಚ್ಚಿ, ನೇರವಾಗಿಟ್ಟು ಬೆಸುಗೆ ಹಾಕಿ, ಆಮೇಲೆ ಬಗ್ಗಿಸಿದೆ. ಹದಿನಾರು ದೊಡ್ಡ ಚಕ್ರಗಳೂ ಸಲೀಸಾಗಿ ಹೋದವು, ಎಷ್ಟು ಖುಷಿಯಾಯಿತು ಗೊತ್ತಾ!

ಆದರೆ ಬಾಯ್ಲರ್ ಮೂತಿ ತಿರುವಿನ ಹೊರಗೆ ಜಾಸ್ತಿ ಚಾಚಿ ಸುರಂಗದ ಬಾಯಿಗೆ ತಾಗಿತು. ಮೂತಿಗೆ ಪೆನ್ಸಿಲ್ ಅಂಟಿಸಿ, ಕಾಗದದ ಮೇಲೆ ಗೆರೆ ಎಳೆಸಿ, ಅದರಾಚೆಗೆ ಗೋಡೆ ಸರಿಸಿದೆ. ಮೂತಿ ಅಷ್ಟು ಚಾಚದಿರಲಿ ಅಂತ ಹೊರಗಿನ ಲೈನಿನ ತಿರುವನ್ನು 22 ಇಂಚು ತ್ರಿಜ್ಯಕ್ಕೆ ಬದಲಿಸುತ್ತೇನೆ.