ಕಾಮನ್ ಗೋಡೆಗೆ ಪಕ್ಕದವರು ಬೀಮ್ ಕೂರಿಸಲು ಹೊರಟಿದ್ದಾರೆ, ಏನು ಮಾಡಲಿ?

ಮೂಲೆಮನೆ:
ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಅಪ್ಪ, ದೊಡ್ಡಪ್ಪ ಸೇರಿ ಕಟ್ಟಿಸಿದ್ದು. ದೊಡ್ಡಪ್ಪನ ಮಕ್ಕಳು ತಮ್ಮ ಪಾಲು ಮಾರಿದರು. ಕೊಂಡವರು ಈಗ ಮಹಡಿ ಎತ್ತುತ್ತಿದ್ದಾರೆ, ಆ ಗೋಡೆ ಒಡೆದು ಬೀಮ್ ಕೂರಿಸುತ್ತಾರಂತೆ. ಅವರು ಪಾಯ ತೋಡಿದ ಮೇಲೆ ನಮ್ಮ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. ಕೇಳಿದರೆ "ಅದು ಹಳೇದು, ಗೋಡೆ ನಮ್ಮದೂ ಹೌದಲ್ಲ" ಅನ್ನುತ್ತಾರೆ. ಹಿತ್ತಲ ಕಾಂಪೌಂಡ್ ಒಂದಡಿ ಅವರ ಜಾಗದಲ್ಲಿದೆ ಅಂತಲೂ ಹೊಸ ತಕರಾರು. ಅಮ್ಮ ಮಲಗುವುದು ಅದೇ ಗೋಡೆಯ ಪಕ್ಕ. ಪೊಲೀಸರ ಹತ್ತಿರ ಹೋಗಲಾ, ವಕೀಲರ ಹತ್ತಿರವಾ?

ತೂಕದಗುಂಡು:
ಇವತ್ತೇ ಅಮ್ಮನ ಮಂಚ ಬೇರೆ ಕೋಣೆಗೆ ಹಾಕಿ. ಉಳಿದದ್ದು ಆಮೇಲೆ.

ನಾನು ಹಳೇ ಮನೆಗಳ ರಿಪೇರಿ ಮಾಡಿಸುವ ಎಂಜಿನಿಯರ್. ಕಿಟಕಿ ಮೂಲೆಯ ಓರೆ ಬಿರುಕು ಅಂದರೆ ಪಾಯದ ಒಂದು ಬದಿ ಕುಸಿಯುತ್ತಿರಬಹುದು ಅಂತ ಮೊದಲ ಅನುಮಾನ. ಹಳೇದೋ ಹೊಸದೋ ಅಂತ ವಾದ ಮಾಡಬೇಡಿ, ಟಾರ್ಚ್ ಹಿಡಿದು ಒಳಗೆ ನೋಡಿ. ಹಳೇ ಬಿರುಕಿನೊಳಗೆ ಧೂಳು, ಜೇಡರ ಬಲೆ, ಸುಣ್ಣಬಣ್ಣ ಇಳಿದಿರುತ್ತದೆ. ಹೊಸದರ ಅಂಚು ಚೂಪಾಗಿ, ಒಳಗೆ ಇಟ್ಟಿಗೆಯ ಬಣ್ಣ ತಾಜಾ ಕಾಣುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ಬದಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಕೂರಿಸಿ. ಗಾಜು ಸೀಳಿದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಪಕ್ಕದವರನ್ನೂ ಕರೆದು ಅವರ ಎದುರೇ ಅಂಟಿಸಿ.

ಬೀಮ್ ವಿಷಯ: 9 ಇಂಚಿನ ಗೋಡೆಯಲ್ಲಿ ಬೀಮ್ ನಾಲ್ಕೂವರೆ ಇಂಚು ಒಳಗೆ ಹೋದರೆ ಆ ಜಾಗದಲ್ಲಿ ನಿಮಗೆ ಉಳಿಯುವುದು ಅರ್ಧ ಗೋಡೆ. ಅದರ ಮೇಲೆ ಒಂದು ಮಹಡಿಯ ಭಾರ! ಅವರ ಬದಿಯಲ್ಲೇ ಬೇರೆ ಪಿಲ್ಲರ್ ಕೊಟ್ಟು ಗೋಡೆಯನ್ನು ಮುಟ್ಟದೆ ಕಟ್ಟಬಹುದು. ಅದಕ್ಕೆ ಗೋಡೆಯ ಪಕ್ಕ ಗುಂಡಿ ತೋಡುವಾಗಲೂ ಉದ್ದಕ್ಕೆ ಒಂದೇ ಸಲ ತೋಡಬಾರದು. ಮೀಟರ್‌ನಷ್ಟು ತೋಡಿ, ತುಂಬಿ, ಗಟ್ಟಿಯಾದ ಮೇಲೆ ಮುಂದಿನದು. ಇದನ್ನು ಅವರ ಮೇಸ್ತ್ರಿಗಲ್ಲ, ಅವರ ಎಂಜಿನಿಯರ್‌ಗೆ ಹೇಳಿ.

ಕಟಕಟೆ:
ಗಡಿ ಯಾರದ್ದೆಂದು ಪೊಲೀಸರು ತೀರ್ಮಾನಿಸುವುದಿಲ್ಲ, ಇದು ಸಿವಿಲ್ ವ್ಯಾಜ್ಯ. ವಕೀಲರಿಂದ ನೋಟಿಸ್ ಕೊಡಿಸಿ, ನಿಲ್ಲಿಸದಿದ್ದರೆ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ಸ್ಲ್ಯಾಬ್ ಹಾಕಿದ ಮೇಲೆ ಹೋದರೆ ಕೆಡವಿಸುವುದು ತುಂಬಾ ಕಷ್ಟ. ಸ್ಥಳ ನೋಡಿ ವರದಿ ಕೊಡಲು ಕೋರ್ಟು ಕಮಿಷನರನ್ನು ನೇಮಿಸಬಹುದು. ಕಾಂಪೌಂಡ್ ಎಷ್ಟು ಹಳೇದು? 1963ರ ಲಿಮಿಟೇಷನ್ ಕಾಯ್ದೆಯಲ್ಲಿ ಜಾಗದ ಸ್ವಾಧೀನ ಕೇಳಲು 12 ವರ್ಷದ ಗಡುವಿದೆ, ಅವರ ಗಡುವು ಮುಗಿದಿದೆ ಅಂತ ನೀವು ವಾದಿಸಬಹುದು. ಆದರೆ ಒಪ್ಪಿಗೆಯಿಂದ ಬಳಸಿದ್ದಾದರೆ ಆ ವಾದ ನಿಲ್ಲುವುದಿಲ್ಲ, ಅದನ್ನೇ ನಂಬಿ ಕೂರಬೇಡಿ.

ಮೂಲೆಮನೆ:
ಮಂಚ ಬದಲಿಸಿದೆವು. ಬಿರುಕಿನೊಳಗೆ ಇಟ್ಟಿಗೆ ಕೆಂಪಗೆ ಕಾಣುತ್ತಿದೆ, ಧೂಳಿಲ್ಲ. ಅವರಿಗೂ ತೋರಿಸಿದೆ. ಗೋಡೆ ಕೆಲಸ ಸದ್ಯಕ್ಕೆ ನಿಲ್ಲಿಸಿ ಅಳತೆ ಮಾಡಿಸೋಣ ಅಂದಿದ್ದಾರೆ. ವಿಭಾಗಪತ್ರದಲ್ಲಿ "ಮಧ್ಯದ ಗೋಡೆ ಉಭಯತ್ರರಿಗೂ ಸಮಾನ" ಅಂತಿದೆ. ಇನ್ನೇನು ನೋಡಲಿ?

ತೂಕದಗುಂಡು:
ಒಳ್ಳೆಯ ಸುದ್ದಿ. ಇಬ್ಬರೂ ಖರ್ಚು ಹಂಚಿಕೊಂಡು ಒಬ್ಬನೇ ಸರ್ವೆಯರನ್ನು ಕರೆಸಿ. ಇಬ್ಬರು ಬಂದರೆ ಎರಡು ನಕ್ಷೆ, ಎರಡು ಜಗಳ. ಕಾಂಪೌಂಡಿನಿಂದ ಟೇಪ್ ಹಿಡಿಯಬಾರದು, ತಕರಾರು ಇರುವುದೇ ಅದರ ಮೇಲೆ. ಪತ್ರದ ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ ವಿವರ) ಹಿಡಿದು ಅವರ ಸೈಟಿನ ನಾಲ್ಕೂ ಬದಿ ಅಳೆಯಲಿ. ಅವರ ಒಂದಡಿ ಆಚೆ ಪಕ್ಕದವರ ಕಡೆಗೆ ಹೋಗಿರಲೂಬಹುದು, ನಾನು ಹಾಗೆ ನೋಡಿದ್ದೇನೆ.

ಗೋಡೆ ಸಮಾನ ಅಂದಮೇಲೆ ರಿಪೇರಿ ಖರ್ಚು ಯಾರು ಎಷ್ಟು, ಯಾರು ಎಲ್ಲಿ ಒಡೆಯಬಾರದು, ಬಿರುಕು ಹೆಚ್ಚಾದರೆ ಯಾರು ಸರಿಮಾಡಿಸಬೇಕು ಅಂತ ಬರೆದು ಇಬ್ಬರೂ ಸಹಿ ಹಾಕಿ, ಇಂದಿನ ಫೋಟೋಗಳನ್ನೂ ಲಗತ್ತಿಸಿ. ಗಡಿಯೇ ಬದಲಾಗುವುದಾದರೆ ಬರೀ ಸಹಿ ಸಾಲದು, ನೋಂದಣಿ ಆಗಬೇಕು, ಆ ಕರಡನ್ನು ವಕೀಲರಿಂದಲೇ ಬರೆಸಿ. ಗಾಜಿನ ಪಟ್ಟಿಯನ್ನು ಮಾತ್ರ ಅವರ ಮಹಡಿ ಮುಗಿಯುವವರೆಗೂ ತೆಗೆಯಬೇಡಿ.