.22 ರೈಫಲ್‌ಗೆ ಯಾವ ಗುಂಡು? ಸ್ಪರ್ಧೆಗೆ ಹೊಡೆಯುವವರು ಅನುಭವ ಹೇಳಿ

ಪ್ರಶ್ನೆ

ಎರಡು ವರ್ಷಗಳಿಂದ .22 ಲಾಂಗ್ ರೈಫಲ್‌ನಲ್ಲಿ 50 ಮೀಟರ್ ದೂರಕ್ಕೆ ಮಲಗಿ ಹೊಡೆಯುವ ಸ್ಪರ್ಧೆಗಳಿಗೆ ಹೋಗುತ್ತಿದ್ದೇನೆ. ಹವ್ಯಾಸಕ್ಕೆ ಅಷ್ಟೇ. ಆದರೆ ಅಂಕ ಒಂದೇ ಕಡೆ ನಿಂತುಬಿಟ್ಟಿದೆ. ಇಷ್ಟು ದಿನ ಕೈಗೆ ಸಿಕ್ಕ ಗುಂಡನ್ನೇ ಹೊಡೆದೆ. ಕಳೆದ ತಿಂಗಳು ಪಕ್ಕದ ಸಾಲಿನ ಹಿರಿಯರೊಬ್ಬರು ತಮ್ಮ ದುಬಾರಿ ಡಬ್ಬಿಯಿಂದ ಐದು ಗುಂಡು ಕೊಟ್ಟರು. ಐದೂ ಸೇರಿ ಒಂದೇ ತೂತಿನಂತೆ ಬಿದ್ದವು. ಮರುವಾರ ಅದೇ ಹೆಸರಿನ ಡಬ್ಬಿ ಕೊಂಡು ತಂದೆ. ಹತ್ತು ಗುಂಡಿನಲ್ಲಿ ಮೂರು ಒಂಬತ್ತು ಅಂಕದ ವೃತ್ತಕ್ಕೆ ಜಾರಿದವು. ತಪ್ಪು ನನ್ನದೋ, ಗುಂಡಿನದೋ? ಮುಂದೆ ಏನು ಕೊಳ್ಳಲಿ?

ಉತ್ತರ 1

ಮೊದಲು ಆ ಐದು ಗುಂಡುಗಳ ಮೋಹ ಬಿಡಿ. ಐದು ಗುಂಡು ಒಟ್ಟಿಗೆ ಬೀಳುವುದು ಅದೃಷ್ಟದಿಂದಲೂ ಆಗುತ್ತದೆ, ಮೂರರ ಮಾತಂತೂ ಕೇಳಲೇಬೇಡಿ. ಒಂದೇ ಗುರಿಗೆ ಸಾಲಾಗಿ ಹೊಡೆದ ಗುಂಡುಗಳ ತೂತುಗಳನ್ನು ಗುಂಪು ಎನ್ನುತ್ತೇವೆ, ಅತಿ ದೂರದ ಎರಡು ತೂತುಗಳ ಅಂತರವೇ ಅದರ ಅಳತೆ. ಗುಂಪಿಗೆ ಗುಂಡು ಸೇರಿಸುತ್ತಾ ಹೋದಂತೆ ಗುಂಪು ಅಗಲವಾಗುತ್ತಲೇ ಹೋಗುತ್ತದೆ. ಹಾಗಾಗಿ ಐದರ ಗುಂಪನ್ನು ಹತ್ತರ ಗುಂಪಿನೊಂದಿಗೆ ಹೋಲಿಸಿದರೆ ಐದೇ ಗೆಲ್ಲುತ್ತದೆ. ನೀವು ಮಾಡಿರುವುದು ಅದನ್ನೇ.

ಎರಡನೆಯದು, ಡಬ್ಬಿಯ ಮೇಲಿನ ಹೆಸರು ಒಂದೇ ಆದರೂ ಒಳಗಿನ ಗುಂಡು ಒಂದೇ ಅಲ್ಲ. ಡಬ್ಬಿಯ ಮಗ್ಗುಲಲ್ಲಿ ಲಾಟ್ ಸಂಖ್ಯೆ, ಅಂದರೆ ಒಂದೇ ಬಾರಿಗೆ ತಯಾರಾದ ಕಂತಿನ ಸಂಖ್ಯೆ, ಅಚ್ಚಾಗಿರುತ್ತದೆ, ನೋಡಿ. ಹಿರಿಯರ ಡಬ್ಬಿಯದೂ ನಿಮ್ಮದೂ ಬೇರೆ ಬೇರೆ ಇರುತ್ತದೆ ಎಂದೇ ನನ್ನ ಊಹೆ. .22ರಲ್ಲಿ ಕಿಡಿ ಹೊತ್ತಿಸುವ ಮದ್ದು ಹಿತ್ತಾಳೆಯ ಅಂಚಿನೊಳಗೆ, ಸುತ್ತಲೂ ತೆಳುವಾಗಿ ಹರಡಿರುತ್ತದೆ. ಆ ಮದ್ದು, ಪುಡಿ, ಸೀಸ, ಮೇಲಿನ ಮೇಣ ಇವುಗಳಲ್ಲಿ ಯಾವುದು ಕೂದಲೆಳೆಯಷ್ಟು ಬದಲಾದರೂ ಒಂದು ಬ್ಯಾರೆಲ್ ಅದನ್ನು ಗಮನಿಸುವುದೇ ಇಲ್ಲ, ಇನ್ನೊಂದು ಬ್ಯಾರೆಲ್ ಮುನಿಸಿಕೊಂಡುಬಿಡುತ್ತದೆ. ನನ್ನ ಬಳಿ ಒಂದೇ ಹೆಸರಿನ ಎರಡು ಲಾಟ್‌ಗಳಿದ್ದವು. ಒಂದೇ ಬೆಳಿಗ್ಗೆ, ಅದೇ ಮರಳು ಚೀಲದ ಮೇಲಿನಿಂದ ಹೊಡೆದಾಗ ಒಂದು ಸರಾಸರಿ 16 ಮಿ.ಮೀ. ಗುಂಪು ಕೊಟ್ಟಿತು, ಇನ್ನೊಂದು 23. ಅವೇ ಗುಂಡುಗಳನ್ನು ಗೆಳೆಯನ ರೈಫಲ್‌ಗೆ ಹಾಕಿದಾಗ ಫಲಿತಾಂಶ ತಲೆಕೆಳಗಾಯಿತು!

16 ಎಂಬ ಅಂಕಿಯನ್ನು ನೆನಪಿಡಿ. 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತರ ವೃತ್ತದ ವ್ಯಾಸ 10.4 ಮಿ.ಮೀ., ಗುಂಡಿನದು 5.6. ಗುಂಡಿನ ಅಂಚು ಗೆರೆಯನ್ನು ಮುಟ್ಟಿದರೂ ಹತ್ತು ಅಂಕ. ಅಂದರೆ ಗುಂಡಿನ ನಡು ಗುರಿಯ ನಡುವಿನಿಂದ 8 ಮಿ.ಮೀ. ಸರಿದರೂ ಹತ್ತು ಕೈತಪ್ಪುವುದಿಲ್ಲ. ಹದಿನಾರರ ಗುಂಪು ಸರಿಯಾಗಿ ಮಧ್ಯಕ್ಕೆ ಕೂತರೆ ಹತ್ತರೊಳಗೇ ಹಿಡಿಸುತ್ತದೆ, 23ರದ್ದು ಹಿಡಿಸುವುದಿಲ್ಲ.

ಇನ್ನು ಪರೀಕ್ಷೆ. ಗಾಳಿಯಿಲ್ಲದ ಬೆಳಿಗ್ಗೆ ಆರಿಸಿಕೊಳ್ಳಿ. ರೈಫಲ್ ಮುಂದೆಯೂ ಹಿಂದೆಯೂ ಮರಳು ಚೀಲದ ಮೇಲೆ ಕೂರಲಿ. ನಾಲ್ಕು ಬಗೆಯ ಗುಂಡು ಸಾಕು, ಹತ್ತು ಬಗೆ ತಂದರೆ ತಲೆ ಕೆಡುತ್ತದೆ. ಗುಂಡು ಬದಲಿಸಿದಾಗಲೆಲ್ಲ ಮೊದಲ ಹದಿನೈದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬ್ಯಾರೆಲ್‌ನೊಳಗೆ ಹಿಂದಿನ ಗುಂಡಿನ ಮೇಣ ಹೋಗಿ ಹೊಸದರ ಮೇಣ ಕೂರಲು ಅಷ್ಟು ಬೇಕು. ಮಧ್ಯೆ ಬ್ಯಾರೆಲ್ ಒರೆಸಿದರೂ ಇದೇ ನಿಯಮ. ಆಮೇಲೆ ಪ್ರತಿ ಬಗೆಗೂ ಹತ್ತು ಹತ್ತರ ನಾಲ್ಕು ಗುಂಪು. ಅಳೆಯುವಾಗ ಒಂದು ತೂತಿನ ಎಡ ಅಂಚಿನಿಂದ ಅತಿ ದೂರದ ತೂತಿನ ಎಡ ಅಂಚಿಗೆ ಅಳೆಯಿರಿ, ನಡುವಿನಿಂದ ನಡುವಿನ ದೂರ ತಾನಾಗಿ ಸಿಗುತ್ತದೆ.

ಒಂದು ಕೆಟ್ಟ ಚಾಳಿಯಿದೆ, ನನಗೂ ಇತ್ತು. ಹೊರಗೆ ಬಿದ್ದ ಗುಂಡನ್ನು ದೂರದರ್ಶಕದಲ್ಲಿ ನೋಡಿದ ಮೇಲೆ ‘ಅದು ನನ್ನ ಕೈ ಅಲುಗಿದ್ದು’ ಎಂದು ಅಳಿಸಿಹಾಕುವುದು. ಹಾಗೆ ಮಾಡಿದರೆ ಎಲ್ಲ ಗುಂಡುಗಳೂ ಒಳ್ಳೆಯವೇ ಆಗುತ್ತವೆ. ಕೈ ಅಲುಗಿದ್ದರೆ ದೂರದರ್ಶಕಕ್ಕೆ ಕಣ್ಣಿಡುವ ಮೊದಲೇ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಆ ಗುಂಡು ಲೆಕ್ಕಕ್ಕೆ ಸೇರಿತು.

ಗೆದ್ದ ಲಾಟ್ ಸಿಕ್ಕರೆ ಕೈಗೆ ಎಟುಕುವಷ್ಟನ್ನೂ ಅಂದೇ ಕೊಳ್ಳಿ. ಡಬ್ಬಿಗೆ 50, ಹತ್ತು ಡಬ್ಬಿಯ ಕಟ್ಟಿಗೆ 500. ಮುಂದಿನ ವರ್ಷ ಅದೇ ಲಾಟ್ ಇರುವುದಿಲ್ಲ.

ಉತ್ತರ 2

ಮೇಲಿನವರು ವೇಗದ ಮಾತು ಬಿಟ್ಟರು. ಹೆಚ್ಚು ವೇಗದ ಗುಂಡು ಹೆಚ್ಚು ನಿಖರ ಎಂಬ ನಂಬಿಕೆಯಲ್ಲಿ ನಾನು ಎರಡು ಋತು ಕಳೆದೆ. ಸ್ಪರ್ಧೆಯ .22 ಗುಂಡುಗಳು, ಅಂದರೆ ಟೆನೆಕ್ಸ್, ಆರ್ 50, ಸೆಂಟರ್ ಎಕ್ಸ್‌ನಂಥವು, ಸೆಕೆಂಡಿಗೆ ಸುಮಾರು 325ರಿಂದ 330 ಮೀಟರ್ ವೇಗದಲ್ಲಿ ಹೊರಡುತ್ತವೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸುಮಾರು 343. ಇವು ಅದಕ್ಕಿಂತ ಕೆಳಗೇ ಉಳಿಯುವಂತೆ ಬೇಕೆಂದೇ ಮಾಡಿದವು. 375ರ ಆಸುಪಾಸಿನ ಹೈ ವೆಲಾಸಿಟಿ ಗುಂಡು ದಾರಿಯಲ್ಲಿ ವೇಗ ಕಳೆದುಕೊಂಡು ಶಬ್ದದ ವೇಗವನ್ನು ಮೇಲಿನಿಂದ ಕೆಳಕ್ಕೆ ದಾಟುತ್ತದೆ. ಆ ಹೊಸ್ತಿಲಲ್ಲಿ ಗಾಳಿಯ ತಡೆ ಏರುಪೇರಾಗಿ ಗುಂಡು ತೂಗಾಡುತ್ತದೆ. ವಿಚಿತ್ರವೆಂದರೆ ಅಡ್ಡಗಾಳಿಗೂ ಅದೇ ಹೆಚ್ಚು ಸರಿಯುತ್ತದೆ. ಬೇಗ ತಲುಪುತ್ತದಲ್ಲ, ಕಡಿಮೆ ಸರಿಯಬೇಕು ಎನಿಸುತ್ತದೆ. ಆದರೆ ಗಾಳಿ ಎಷ್ಟು ತಳ್ಳುತ್ತದೆ ಎಂಬುದು ಗುಂಡು ದಾರಿಯಲ್ಲಿ ಎಷ್ಟು ತಡವಾಯಿತು ಎಂಬುದರ ಮೇಲೆ ನಿಂತಿದೆ, ಒಟ್ಟು ಸಮಯದ ಮೇಲಲ್ಲ. ತಡೆ ಹೆಚ್ಚಾದ ಗುಂಡೇ ಹೆಚ್ಚು ತಡವಾಗುವುದು.

ಬೇಕಾದದ್ದು ವೇಗವಲ್ಲ, ಒಂದೇ ಸಮನಾದ ವೇಗ. 50 ಮೀಟರ್ ಹೋಗಲು ಗುಂಡಿಗೆ ಸುಮಾರು 0.16 ಸೆಕೆಂಡ್ ಬೇಕು. ಅಷ್ಟರಲ್ಲಿ ಅದು 12 ಸೆಂಟಿಮೀಟರಿಗಿಂತ ತುಸು ಹೆಚ್ಚೇ ಕೆಳಗಿಳಿಯುತ್ತದೆ. ಒಂದು ಗುಂಡು ಇನ್ನೊಂದಕ್ಕಿಂತ ಸೆಕೆಂಡಿಗೆ 10 ಮೀಟರ್ ನಿಧಾನವಾದರೆ ಏಳೆಂಟು ಮಿ.ಮೀ. ಕೆಳಗೆ ಬೀಳುತ್ತದೆ. ಮೇಲಿನವರ ಹದಿನಾರರಲ್ಲಿ ಅರ್ಧ ಅಲ್ಲೇ ಖರ್ಚಾಯಿತು. ಗುಂಪು ಮೇಲೆ ಕೆಳಗೆ ಉದ್ದವಾಗಿದ್ದರೆ ಮೊದಲು ಗುಂಡಿನ ವೇಗವನ್ನು ಶಂಕಿಸಿ, ಅಡ್ಡಕ್ಕೆ ಚಾಚಿದ್ದರೆ ಗಾಳಿಯನ್ನು. ಉಸಿರಾಟವೂ ಉದ್ದದ ಗುಂಪು ಮಾಡುತ್ತದೆ, ಆದ್ದರಿಂದಲೇ ಮರಳು ಚೀಲ.

ಉತ್ತರ 3

ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಸರಿಸಬೇಡಿ. ನಿಮ್ಮ ಹರಡುವಿಕೆ ಮತ್ತು ಗುಂಡಿನ ಹರಡುವಿಕೆ ನೇರವಾಗಿ ಕೂಡುವುದಿಲ್ಲ. ಎರಡನ್ನೂ ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆಯಬೇಕು. ಮಲಗಿ ಹೊಡೆಯುವಾಗ ನಿಮ್ಮದೇ 25 ಮಿ.ಮೀ. ಎಂದಿಟ್ಟುಕೊಳ್ಳಿ. ಗುಂಡಿನದು 15 ಇದ್ದರೆ ಒಟ್ಟು 29; ದುಪ್ಪಟ್ಟು ಹಣ ಸುರಿದು ಗುಂಡಿನದನ್ನು 10ಕ್ಕೆ ಇಳಿಸಿದರೆ ಒಟ್ಟು 27. ಎರಡು ಮಿ.ಮೀ.ಗೆ ಅಷ್ಟೊಂದು ಖರ್ಚು! ನಿಮ್ಮದು 8ಕ್ಕೆ ಇಳಿದ ಮೇಲೆ ಅದೇ ಬದಲಾವಣೆ ಒಟ್ಟನ್ನು 17ರಿಂದ 13ಕ್ಕೆ ತರುತ್ತದೆ. ಆಗ ಖರ್ಚು ಮಾಡಿ. ಅಲ್ಲಿಯವರೆಗೆ ಮಧ್ಯಮ ದರ್ಜೆಯ, ಸ್ಟ್ಯಾಂಡರ್ಡ್ ವೆಲಾಸಿಟಿಯ (ಶಬ್ದದ ವೇಗಕ್ಕಿಂತ ಕೆಳಗಿನ), ಒಂದೇ ಲಾಟಿನ ಗುಂಡನ್ನು ಹೆಚ್ಚು ಹೆಚ್ಚು ಹೊಡೆಯಿರಿ.

ಉತ್ತರ 4

ಹಿತ್ತಾಳೆ ಕವಚದ ಅಂಚಿನ ದಪ್ಪ ಅಳೆದು ಗುಂಡು ವಿಂಗಡಿಸಿ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಒಂದಿಡೀ ಚಳಿಗಾಲದ ಸಂಜೆಗಳನ್ನು ನಾನು ಅದಕ್ಕೇ ಕೊಟ್ಟೆ. ಒಂದೊಂದನ್ನೂ ಅಳೆದು, ತೂಗಿ, ಸಣ್ಣ ಸಣ್ಣ ಡಬ್ಬಿಗಳಲ್ಲಿಟ್ಟು ಚೀಟಿ ಅಂಟಿಸಿದೆ. ಅಗ್ಗದ ಗುಂಡಿನಲ್ಲಿ ವಿಪರೀತ ಹಗುರವಾದ ಒಂದೆರಡು ಸಿಕ್ಕವು, ಅವನ್ನು ತೆಗೆದದ್ದು ಒಳ್ಳೆಯದೇ ಆಯಿತು. ಸ್ಪರ್ಧೆಯ ಗುಂಡಿನಲ್ಲಿ ಗುರಿಯ ಮೇಲೆ ಏನೂ ವ್ಯತ್ಯಾಸ ಕಾಣಲಿಲ್ಲ. ಅಳೆಯುವ ಸಾಧನ ಈಗ ಮೇಜಿನ ಡ್ರಾಯರ್‌ನಲ್ಲಿದೆ, ಬೇಕಾದವರು ಒಯ್ಯಬಹುದು.

ಉತ್ತರ 5

ನಾನು ಸೆಂಟರ್‌ಫೈರ್ ಹೊಡೆಯುವವನು, ಅಂದರೆ ಕಿಡಿ ಹೊತ್ತಿಸುವ ಮದ್ದು ಅಂಚಿನಲ್ಲಲ್ಲ, ತಳದ ನಡುವೆ ಇರುವ ಗುಂಡು. ಅಲ್ಲಿ ಹೆಸರು ನೋಡುವ ಮೊದಲು ಬ್ಯಾರೆಲ್‌ನ ಟ್ವಿಸ್ಟ್ ನೋಡಬೇಕು, ಅಂದರೆ ಒಳಗಿನ ಸುರುಳಿ ಎಷ್ಟು ಇಂಚಿಗೆ ಒಂದು ಸುತ್ತು ಹಾಕುತ್ತದೆ ಎಂಬುದನ್ನು. ಗುಂಡು ಉದ್ದವಾದಷ್ಟೂ ಅದನ್ನು ನೆಟ್ಟಗೆ ಇಡಲು ಬಿರುಸಾದ ಸುತ್ತು ಬೇಕು. .223 ರೆಮಿಂಗ್ಟನ್‌ನಲ್ಲಿ 12 ಇಂಚಿಗೆ ಒಂದು ಸುತ್ತಿನ ಬ್ಯಾರೆಲ್ 55 ಗ್ರೇನ್ ತೂಕದ ಗುಂಡಿಗೆ ಒಗ್ಗುತ್ತದೆ; ತೂಕ ಹೆಚ್ಚಿದಂತೆ ಗುಂಡೂ ಉದ್ದವಾಗುವುದರಿಂದ 69ಕ್ಕೆ 9 ಇಂಚು ಬೇಕು, 77ಕ್ಕೆ 8 ಅಥವಾ 7. ನನ್ನದು ಹನ್ನೆರಡರದ್ದು ಎಂದು ತಿಳಿಯದೆ 77 ಗ್ರೇನ್ ಹೊಡೆದೆ. ಕಾಗದದ ಮೇಲೆ ದುಂಡು ತೂತಿನ ಬದಲು ಗುಂಡಿನ ಪಕ್ಕನೋಟವೇ ಕತ್ತರಿಸಿದಂತೆ ಮೂಡಿತ್ತು. ಗುಂಡು ಅಡ್ಡಡ್ಡ ಹೋಗಿತ್ತು! ಬೇರೆಯವರು ಮನೆಯಲ್ಲಿ ಮರುತುಂಬಿದ ಗುಂಡನ್ನು, ಅವರು ಎಷ್ಟೇ ಆಪ್ತರಾಗಿರಲಿ, ನಿಮ್ಮ ರೈಫಲ್‌ಗೆ ಹಾಕಬೇಡಿ. ಅವರ ಚೇಂಬರ್‌ಗೆ, ಅಂದರೆ ಬ್ಯಾರೆಲ್‌ನಲ್ಲಿ ಗುಂಡು ಕೂರುವ ಗೂಡಿಗೆ, ಸರಿಹೋದ ಒತ್ತಡ ನಿಮ್ಮದಕ್ಕೆ ಅಪಾಯವಾಗಬಹುದು.

ಉತ್ತರ 6

.22ರಲ್ಲೂ ಅಂಥ ಎಚ್ಚರಿಕೆ ಒಂದಿದೆ. ಸ್ಟಿಂಗರ್‌ನಂಥ ಅತಿವೇಗದ ಕಾರ್ಟ್ರಿಜ್‌ನ ಹಿತ್ತಾಳೆ ಕವಚ ಮಾಮೂಲಿಗಿಂತ ಉದ್ದ. ಸ್ಪರ್ಧೆಯ ರೈಫಲ್‌ನ ಬಿಗಿಯಾದ ಮ್ಯಾಚ್ ಚೇಂಬರ್‌ಗೆ ಅದು ಸಲ್ಲದು. ಕುದುರೆ ಎಳೆದರೂ ಗುಂಡು ಹಾರದಿದ್ದರೆ ಬ್ಯಾರೆಲ್ ಗುರಿಯತ್ತಲೇ ಇರಲಿ, ಮನಸ್ಸಿನಲ್ಲೇ ಮೂವತ್ತು ಎಣಿಸಿ, ಆಮೇಲೆ ಬೋಲ್ಟ್ ತೆರೆಯಿರಿ.

ಮತ್ತೆ, ಡಬ್ಬಿಯನ್ನು ಬಿಸಿಲಿಗೆ ಇಡಬೇಡಿ, ಮೇಣ ಕರಗಿ ಜಾರುತ್ತದೆ. ಮೇಣದ ಗುಂಡು ನೆಲಕ್ಕೆ ಬಿದ್ದರೆ ಮರಳು ಅಂಟಿಕೊಂಡಿರುತ್ತದೆ. ನಾನು ಅದನ್ನು ಅಂಗಿಗೆ ಒರೆಸಿ ಹಾಕುತ್ತಿದ್ದ ಕಾಲವೂ ಇತ್ತು. ಈಗ ಬಿದ್ದದ್ದನ್ನು ಬೇರೆಯೇ ಇಡುತ್ತೇನೆ. ಬಿಸಿಯಾದ ಚೇಂಬರ್‌ನಲ್ಲಿ ಗುಂಡು ಹಾಕಿಟ್ಟು ಗಾಳಿ ನಿಲ್ಲಲೆಂದು ನಿಮಿಷಗಟ್ಟಲೆ ಕಾಯುವುದೂ ಬೇಡ. ಕಾದದ್ದು ಸಾಕೆನಿಸಿದಾಗ ಹೊಡೆದ ಆ ಗುಂಡು ಮೇಲಕ್ಕೇ ಹೋಗಿರುತ್ತದೆ.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ಎಲ್ಲರಿಗೂ ವಂದನೆ. ಹೇಳಿದಂತೆಯೇ ಮಾಡಿದೆ. ನಾಲ್ಕು ಬಗೆ, ತಲಾ ನಾಲ್ಕು ಗುಂಪು, ಬದಲಿಸಿದಾಗಲೆಲ್ಲ ಹದಿನೈದು ಗುಂಡು ಲೆಕ್ಕಕ್ಕಿಲ್ಲ. ಎರಡು ಬೆಳಿಗ್ಗೆ ಹಿಡಿಯಿತು. ಮೊದಲ ದಿನ ಏಳೂವರೆಗೇ ಗಾಳಿ ಎದ್ದಿದ್ದರಿಂದ ಅರ್ಧಕ್ಕೆ ನಿಲ್ಲಿಸಿದೆ.

ದುಬಾರಿ ಡಬ್ಬಿಯ ಸರಾಸರಿ 18 ಮಿ.ಮೀ. ಮಧ್ಯಮ ದರ್ಜೆಯ ಒಂದು ಲಾಟ್ 15 ಕೊಟ್ಟಿತು. ನಂಬಿಕೆ ಬಾರದೆ ಐದನೆಯ ಗುಂಪನ್ನೂ ಹೊಡೆದೆ, ಅದೂ 15ರ ಹತ್ತಿರವೇ ನಿಂತಿತು. ಉಳಿದೆರಡರ ಗುಂಪುಗಳು ಉದ್ದುದ್ದ ಬಿದ್ದವು, ವೇಗದ್ದೇ ತೊಂದರೆ ಇರಬೇಕು.

ಆಮೇಲೆ ಅದೇ ಹದಿನೈದರ ಗುಂಡನ್ನು ಸ್ಲಿಂಗ್ (ರೈಫಲನ್ನು ತೋಳಿಗೆ ಬಿಗಿಯುವ ಪಟ್ಟಿ) ಬಿಗಿದು ಮಲಗಿ ಹೊಡೆದೆ. 27. ಮೂರನೆಯವರ ಲೆಕ್ಕದ ಪ್ರಕಾರ ಅದರಲ್ಲಿ ನನ್ನ ಪಾಲು 22. ಮನೆಯವರಿಗೆ ಈ ಅಂಕಿ ಹೇಳಿಲ್ಲ. ಎಡ ಮೊಣಕೈ ಒಂದೊಂದು ಗುಂಪಿಗೂ ಒಂದೊಂದು ಕಡೆ ಕೂರುತ್ತಿರುವುದು ಚಾಪೆಯ ಮೇಲಿನ ಗುರುತು ನೋಡಿದಾಗ ಗೊತ್ತಾಯಿತು. ಈಗ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದಿದ್ದೇನೆ. ಆ ಲಾಟಿನ ಎರಡು ಕಟ್ಟುಗಳು ಮಾತ್ರ ಉಳಿದಿವೆಯಂತೆ. ನಾಳೆ ಬೆಳಿಗ್ಗೆಯೇ ಹೋಗಿ ತರುತ್ತೇನೆ.