ಹಳೇ ಮಸಲ್ ಕಾರು ಅಸಲಿಯೋ ನಕಲಿಯೋ? ಶನಿವಾರದ ಪ್ರಶ್ನೋತ್ತರ

ಗ್ಯಾರೇಜ್ ಮೇಷ್ಟ್ರು (ಮಿಷಿಗನ್): ಎಲ್ಲರಿಗೂ ನಮಸ್ಕಾರ. ಮಸಲ್ ಕಾರು, ಅಂದರೆ ದೊಡ್ಡ ಎಂಜಿನ್ನಿನ ಹಳೇ ಅಮೆರಿಕನ್ ಕಾರುಗಳ ತಪಾಸಣೆ ಮಾಡಿ ಬೆಲೆ ಕಟ್ಟುವುದು ನನ್ನ ಹೊಟ್ಟೆಪಾಡು. ಅಡ್ಮಿನ್ ಕೇಳಿಕೊಂಡರು ಅಂತ ಇವತ್ತು ಮಧ್ಯಾಹ್ನದವರೆಗೆ ಇಲ್ಲಿರುತ್ತೇನೆ. ವರ್ಷ, ಮಾಡೆಲ್, ಎಂಜಿನ್ ಬರೆದು ಕೇಳಿ. ಫೋಟೋದಲ್ಲಿ ಕಾರಿನ ಗುರುತಿನ ಸಂಖ್ಯೆ, ಅಂದರೆ ವಿಐಎನ್‌ನ ಕೊನೆಯ ಅಂಕಿಗಳನ್ನು ಮುಚ್ಚಿ ಹಾಕಿ. ಕಾಫಿ ಲೋಟ ಪಕ್ಕದಲ್ಲಿದೆ, ಶುರು ಮಾಡಿ.

ಡಲ್ಲಾಸ್ ದೊರೆ: ಸಾರ್, ನನ್ನ 69ರ ಷೆವ್ರೊಲೆ ಕ್ಯಾಮರೋದಲ್ಲಿ ಝಡ್/28 ಬ್ಯಾಡ್ಜ್ ಇದೆ, ಅದೇ ರೇಸಿಗೆ ತಕ್ಕ ಹಾಗೆ ಮಾಡಿದ ಕ್ಯಾಮರೋ. ಆಟೋಮ್ಯಾಟಿಕ್ ಗೇರ್. ಅಸಲಿ ತಾನೇ?

ಗ್ಯಾರೇಜ್ ಮೇಷ್ಟ್ರು: ಅಲ್ಲ. ಆ ವರ್ಷದ ಝಡ್/28ಗೆ ನಾಲ್ಕು ಗೇರಿನ ಮ್ಯಾನುಯಲ್ ಮಾತ್ರ. ಬ್ಯಾಡ್ಜ್ ಅಂಗಡಿಯಲ್ಲಿ ಸಿಗುತ್ತದೆ.

ಕೊಲಂಬಸ್ ಕಿಟ್ಟಿ: ಮೇಷ್ಟ್ರೇ, ನಾನೂ 1969ರ ಝಡ್/28 ಒಂದನ್ನು ನೋಡಿ ಬಂದಿದ್ದೇನೆ. ಇಂಡಿಯಾನಾದಲ್ಲಿ, ಒಬ್ಬ ಖಾಸಗಿ ಮಾರಾಟಗಾರ. 72,000 ಡಾಲರ್ ಹೇಳುತ್ತಿದ್ದಾರೆ. ನೀಲಿ ಬಣ್ಣ, ಬಿಳಿ ಪಟ್ಟೆ, ಕಣ್ಣು ಕೀಳೋಕೆ ಆಗಲ್ಲ. ವಿಐಎನ್ 124379ಎಲ್5 ಅಂತ ಶುರುವಾಗುತ್ತದೆ. ಫೈರ್‌ವಾಲ್ (ಎಂಜಿನ್ ಮತ್ತು ಸೀಟುಗಳ ನಡುವಿನ ಗೋಡೆ) ಮೇಲಿನ ತಗಡಿನಲ್ಲಿ ಎಕ್ಸ್33 ಡಿ80 ಅಂತ ಇದೆ. ಎಂಜಿನ್ ಮೇಲೆ ವಿ0415ಡಿಝಡ್, ಅದರ ಪಕ್ಕ ಕಾರಿನದೇ ವಿಐಎನ್ ಅಂಕಿಗಳು. ಪ್ರೊಟೆಕ್ಟ್-ಒ-ಪ್ಲೇಟ್ (ಕಾರಿನ ಜೊತೆ ಕೊಡುತ್ತಿದ್ದ ವಾರಂಟಿಯ ಲೋಹದ ತುಂಡು) ಕೂಡ ತೋರಿಸಿದರು. ಎಲ್ಲಾ ನಂಬರ್ಸ್ ಮ್ಯಾಚಿಂಗ್, ಅಂದರೆ ಎಂಜಿನ್, ಬಾಡಿ ಎಲ್ಲ ಒಂದೇ ಕಾರಿನದು ಅಂತಾರೆ. ತಗೋಬಹುದಾ?

ಮಲೆನಾಡ ಮಸ್ಟ್ಯಾಂಗ್: 1969, ಫಾಸ್ಟ್‌ಬ್ಯಾಕ್, ಆರ್ ಕೋಡ್. ಪೇಪರ್ ಏನೂ ಇಲ್ಲ. ಇತಿಹಾಸ ಹೇಗೆ ತಿಳಿಯೋದು?

ಗ್ಯಾರೇಜ್ ಮೇಷ್ಟ್ರು: ಮಸ್ಟ್ಯಾಂಗ್ ಅವರೇ, ನೀವು ಪುಣ್ಯವಂತರು. 1967ರಿಂದ ಮುಂದೆ ಹಲವು ವರ್ಷಗಳ ಫೋರ್ಡ್ ಕಾರುಗಳ ದಾಖಲೆ ಕೆವಿನ್ ಮಾರ್ಟಿ ಅನ್ನುವವರ ಹತ್ತಿರ ಇದೆ. ಮಾರ್ಟಿ ರಿಪೋರ್ಟ್ ತರಿಸಿ. ಆರ್ ಅಂದರೆ 428 ಘನ ಅಂಗುಲದ ಕೋಬ್ರಾ ಜೆಟ್ ಎಂಜಿನ್, ರ್‍ಯಾಮ್ ಏರ್ (ಬಾನೆಟ್ ಮೇಲಿಂದ ಗಾಳಿ ಎಳೆಯುವ ವ್ಯವಸ್ಥೆ) ಇರುವುದು. ರಿಪೋರ್ಟಿಗೆ ಕೊಡುವ ದುಡ್ಡಿನ ಲೆಕ್ಕ ನೋಡಬೇಡಿ.

ಕಿಟ್ಟಿ, ನಿಮ್ಮದಕ್ಕೆ ಸ್ವಲ್ಪ ಸಮಯ ಬೇಕು. ದುಡ್ಡು ಕೊಟ್ಟಿಲ್ಲ ತಾನೇ?

ಅಯೋವಾ ಅಜ್ಜ: 1965ರ ಪಾಂಟಿಯಾಕ್ ಜಿಟಿಒ, ಕೊಟ್ಟಿಗೆಯಲ್ಲಿ ಸಿಕ್ಕಿದ್ದು. ವಿಐಎನ್ 237 ಅಂತ ಇದೆ. ಹುಡುಕಿದರೆ ಪಾಂಟಿಯಾಕ್‌ನದೇ ಇನ್ನೊಂದು ಮಾಡೆಲ್ ಲೆಮ್ಯಾನ್ಸ್ ಅಂತ ತೋರಿಸುತ್ತಿದೆ. ಮೋಸನಾ?

ಗ್ಯಾರೇಜ್ ಮೇಷ್ಟ್ರು: ಅಷ್ಟಕ್ಕೇ ಮೋಸ ಅನ್ನಬೇಡಿ. 1964 ಮತ್ತು 65ರಲ್ಲಿ ಜಿಟಿಒ ಅನ್ನುವುದು ಲೆಮ್ಯಾನ್ಸ್ ಮೇಲೆ ತೆಗೆದುಕೊಳ್ಳುವ ಆಪ್ಷನ್. 66ರಿಂದ ಜಿಟಿಒಗೆ ಅಂತಲೇ ವಿಐಎನ್‌ನಲ್ಲಿ 242 ಬಂತು. ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್‌ಗೆ ಬರೆಯಿರಿ, ಮೂಲ ಬಿಲ್ಲಿನ ಪ್ರತಿ ಕೊಡುತ್ತಾರೆ.

ಕೊಲಂಬಸ್ ಕಿಟ್ಟಿ: 2,000 ಡಾಲರ್ ಅಡ್ವಾನ್ಸ್ ಕೊಟ್ಟಿದ್ದೇನೆ. ಇನ್ನೊಬ್ಬರು ನೋಡೋಕೆ ಬರ್ತಿದ್ದಾರೆ ಅಂದ್ರು.

ಗ್ಯಾರೇಜ್ ಮೇಷ್ಟ್ರು: ಇನ್ನೊಬ್ಬರು ಯಾವಾಗಲೂ ಬರ್ತಾ ಇರುತ್ತಾರೆ.

ಈಗ ನಿಧಾನವಾಗಿ ಓದಿ. ನಿಮ್ಮ ವಿಐಎನ್ ಬಿಡಿಸೋಣ. 1 ಅಂದರೆ ಷೆವ್ರೊಲೆ. 24 ಅಂದರೆ ವಿ8 ಇರುವ ಕ್ಯಾಮರೋ. 37 ಅಂದರೆ ಎರಡು ಬಾಗಿಲಿನ ಕೂಪೆ. 9 ಅಂದರೆ 1969ನೇ ವರ್ಷ. ಎಲ್ ಅಂದರೆ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್ ಕಾರ್ಖಾನೆ. ಇನ್ನೊಂದು ಕಾರ್ಖಾನೆ ಒಹಾಯೋದ ನಾರ್‌ವುಡ್, ಅದಕ್ಕೆ ಎನ್. ಇಷ್ಟರಲ್ಲಿ ಝಡ್/28 ಅನ್ನುವ ಮಾತು ಎಲ್ಲಿದೆ? ಎಲ್ಲೂ ಇಲ್ಲ. ಅಂಗಡಿಗೆ ಹೋಗಿ ಹಾಲು ತರುವುದಕ್ಕೆ ಅಂತ ಯಾರೋ ಕೊಂಡ 307 ಎಂಜಿನ್ನಿನ ಸಾದಾ ಕ್ಯಾಮರೋಗೂ ಇದೇ 124379. ಆದ್ದರಿಂದ ಆ ವಿಐಎನ್ ನಿಮ್ಮ ಕಡೆಯ ಸಾಕ್ಷಿಯೂ ಅಲ್ಲ, ಮಾರುವವರ ಕಡೆಯ ಸಾಕ್ಷಿಯೂ ಅಲ್ಲ.

ನನ್ನ ನಿದ್ದೆ ಕೆಡಿಸಿದ್ದು ಆ ತಗಡು. ಎಕ್ಸ್33 ಅಂದರೆ ಝಡ್/28 ಹೌದು. ಆದರೆ ತಗಡಿನ ಮೇಲೆ ಎಕ್ಸ್ ಕೋಡ್ ಹೊಡೆಯುತ್ತಿದ್ದುದು ನಾರ್‌ವುಡ್ ಕಾರ್ಖಾನೆ ಮಾತ್ರ. ಅದೂ 1968ರ ಡಿಸೆಂಬರ್‌ನಿಂದ ಈಚೆಗೆ. ವ್ಯಾನ್ ನೈಸ್‌ನಲ್ಲಿ ಹುಟ್ಟಿದ ಕಾರಿನ ತಗಡಿನಲ್ಲಿ ಎಕ್ಸ್33 ಇರುವುದಿಲ್ಲ. ತಗಡು ನಿಜವಾದರೆ ವಿಐಎನ್ ಬೇರೆ ಕಾರಿನದು. ವಿಐಎನ್ ನಿಜವಾದರೆ ತಗಡು ಮೊನ್ನೆ ಮೊನ್ನೆ ಹೊಡೆಸಿದ್ದು. ಎರಡೂ ನಿಜ ಅನ್ನುವುದಕ್ಕೆ ದಾರಿ ಇಲ್ಲ.

ಈ ಎರಡರಲ್ಲಿ ಯಾವುದು ಅನ್ನುವುದೇ ಮುಖ್ಯ. ತಗಡು ಸುಳ್ಳಾದರೆ ನಿಮಗೆ ದುಡ್ಡಿನ ನಷ್ಟ ಅಷ್ಟೇ. ವಿಐಎನ್ ಪ್ಲೇಟು ಬದಲಾಗಿದ್ದರೆ ಅದು ಫೆಡರಲ್ ಅಪರಾಧ. ಕಾರು ಯಾವತ್ತೋ ಕಳುವಾಗಿದ್ದರೆ ಪೊಲೀಸರು ಬಂದು ಎತ್ತಿಕೊಂಡು ಹೋಗುತ್ತಾರೆ. ಕಾರೂ ಇಲ್ಲ, ದುಡ್ಡೂ ಇಲ್ಲ. ಕಾರ್ಖಾನೆಯವರು ವಿಐಎನ್ ಅಂಕಿಗಳನ್ನು ಬಾಡಿಯ ಮೇಲೂ ಗುಟ್ಟಾಗಿ ಹೊಡೆದಿರುತ್ತಾರೆ. ವೈಪರ್ ಬುಡದ ಕೌಲ್ ಪ್ಯಾನೆಲ್ ಎತ್ತಿದರೆ ಅಲ್ಲೊಂದು, ಹೀಟರ್ ಪೆಟ್ಟಿಗೆಯ ಹಿಂದೆ ಫೈರ್‌ವಾಲ್ ಮೇಲೆ ಇನ್ನೊಂದು. ಅದನ್ನು ನೋಡದೆ ಇನ್ನೊಂದು ಡಾಲರ್ ಕೊಡಬೇಡಿ. ಡ್ಯಾಶ್ ಮೇಲಿನ ಪ್ಲೇಟಿನ ರಿವೆಟ್ ಕೂಡ ನೋಡಿ. ಚಿಕ್ಕ ಹೂವಿನ ಎಸಳಿನಂತೆ ಆರು ದಳ ಇರಬೇಕು. ಬಟಾಣಿ ತರ ದುಂಡಗಿದ್ದರೆ ಯಾರೋ ಕೈ ಹಾಕಿದ್ದಾರೆ. ದಳ ಇದ್ದರೂ ಪೂರ್ತಿ ನಂಬಬೇಡಿ, ಅಂಥ ರಿವೆಟ್‌ಗಳೂ ಮಾರಾಟಕ್ಕಿವೆ.

ಇನ್ನೊಂದು ಕೆಲಸ. ವಿ0415ಡಿಝಡ್ ಅಂದರೆ ಫ್ಲಿಂಟ್ ಕಾರ್ಖಾನೆಯಲ್ಲಿ ಏಪ್ರಿಲ್ 15ಕ್ಕೆ ಜೋಡಿಸಿದ 302, ಅಂದರೆ ಝಡ್/28ರ ಎಂಜಿನ್. ಆ ನಂಬರನ್ನು ಯಾರು ಬೇಕಾದರೂ ಸುತ್ತಿಗೆ ಹಿಡಿದು ಹೊಡೆಯಬಹುದು. ಎರಕದಲ್ಲೇ ಉಬ್ಬಿ ಬಂದ ತಾರೀಕನ್ನು ಬದಲಾಯಿಸುವುದು ಅಷ್ಟು ಸುಲಭ ಅಲ್ಲ. ಬ್ಲಾಕಿನ (ಎಂಜಿನ್ನಿನ ಎರಕದ ಮೈ) ಹಿಂದೆ, ಗೇರ್‌ಬಾಕ್ಸ್ ಕೂಡುವ ಅಂಚಿನಲ್ಲಿ, ಪ್ಯಾಸೆಂಜರ್ ಕಡೆ ಇರುತ್ತದೆ. ತಿಂಗಳಿಗೆ ಒಂದು ಅಕ್ಷರ, ದಿನಕ್ಕೆ ಒಂದೆರಡು ಅಂಕಿ, ಆಮೇಲೆ ವರ್ಷದ 9. ಚಿಕ್ಕ ಕನ್ನಡಿ, ಟಾರ್ಚ್ ತೆಗೆದುಕೊಂಡು ಹೋಗಿ.

ಬಸವನಗುಡಿ ಬಾಯ್: ಇದು ಇನ್ನೊಂದು ಗ್ರೂಪಿನಲ್ಲಿ ಬಂದದ್ದು, ಎಲ್ಲರಿಗೂ ಉಪಯೋಗ ಆಗುತ್ತದೆ: «ಎಂಜಿನ್ ನಂಬರ್ ಮಸುಕಾಗಿದೆಯೇ? 80 ನಂಬರಿನ ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ, ನಿಂಬೆ ರಸ, ಉಪ್ಪು ಹಚ್ಚಿ ಹತ್ತು ನಿಮಿಷ ಬಿಡಿ. ಅಸಲಿ ನಂಬರ್ ಹೊಳೆಯುತ್ತದೆ! ತಪ್ಪದೇ ಹಂಚಿ.»

ಗ್ಯಾರೇಜ್ ಮೇಷ್ಟ್ರು: ದಯವಿಟ್ಟು ಅಳಿಸಿ. ಈಗಲೇ.

ಯಾಕೆ ಅಂತ ಒಂದೇ ಸಲ ಹೇಳುತ್ತೇನೆ. ಷೆವ್ರೊಲೆ ಎಂಜಿನ್ನಿನ ಮುಂದೆ, ಬಲಗಡೆಯ ಹೆಡ್ ಬುಡದಲ್ಲಿ, ಎರಡು ಬೆರಳಗಲದ ಚಪ್ಪಟೆ ಜಾಗ ಇರುತ್ತದೆ. ಅದೇ ಪ್ಯಾಡ್, ನಂಬರ್ ಹೊಡೆಯುವುದು ಅಲ್ಲಿ. ಬರಿಗಣ್ಣಿಗೆ ಅದು ಸುಮ್ನೆ ಕಬ್ಬಿಣ. ಟಾರ್ಚ್ ಓರೆಯಾಗಿ ಹಿಡಿದು ನೋಡಿದರೆ ಗ್ರಾಮಫೋನ್ ತಟ್ಟೆಯ ಗೆರೆಗಳ ತರ ಸಣ್ಣ ಗೀರುಗಳು ಮುಂದಿನಿಂದ ಹಿಂದಕ್ಕೆ ಹೋಗಿರುತ್ತವೆ. ಕಬ್ಬಿಣ ಹೆರೆದು ಸಮ ಮಾಡುವ ಕಾರ್ಖಾನೆಯ ಬ್ರೋಚಿಂಗ್ ಯಂತ್ರದ ಗುರುತು ಅದು. ಬ್ಲಾಕ್ ಮೇಲ್ಮೈ ಸವರಿ ಹೊಸ ನಂಬರ್ ಹೊಡೆದಿದ್ದರೆ ಆ ಗೆರೆ ಹೋಗಿರುತ್ತದೆ, ಇಲ್ಲವೇ ಕಮಾನಿನಂತೆ ಬಾಗಿರುತ್ತದೆ. ನಾವು ಅಸಲಿ ಅನ್ನುವುದಕ್ಕೆ ಆಧಾರವೇ ಆ ಗೆರೆ. ಮರಳು ಕಾಗದ ಎರಡು ಸಲ ಎಳೆದರೆ ಮುಗಿಯಿತು, ಅಸಲಿ ಎಂಜಿನ್ ಕೂಡ ನಕಲಿಯ ಸಾಲಿಗೆ ಸೇರುತ್ತದೆ. ಹೀಗೆ ಉಜ್ಜಿ ಉಜ್ಜಿ ಹಾಳು ಮಾಡಿಕೊಂಡು ನನ್ನ ಹತ್ತಿರ ಬಂದವರು ಇದ್ದಾರೆ. ಅವರಿಗೆ ಏನು ಹೇಳಬೇಕು ಅಂತ ಇವತ್ತಿಗೂ ಗೊತ್ತಾಗುವುದಿಲ್ಲ. ಬ್ರೇಕ್ ಕ್ಲೀನರ್, ಮೆತ್ತನೆ ಬಟ್ಟೆ. ಅಷ್ಟೇ.

ಬಸವನಗುಡಿ ಬಾಯ್: ನಾನು ಬರೆದದ್ದಲ್ಲ, ಬಂದದ್ದನ್ನು ಹಾಕಿದೆ. ಇಷ್ಟು ಕೋಪ ಯಾಕೆ?

ಶಿಕಾಗೋ ಶಾನುಭೋಗ: ಒಂದು ತಿದ್ದುಪಡಿ. ಕ್ಯಾಮರೋ, ಮಸ್ಟ್ಯಾಂಗ್ ಇವೆಲ್ಲ ಮಸಲ್ ಕಾರೇ ಅಲ್ಲ. ಪೋನಿ ಕಾರು, ಅಂದರೆ ಅದಕ್ಕಿಂತ ಚಿಕ್ಕ ಗಾತ್ರದ ಸ್ಪೋರ್ಟಿ ಕಾರು. ಮಧ್ಯಮ ಗಾತ್ರದ ಬಾಡಿಗೆ ದೊಡ್ಡ ಎಂಜಿನ್ ಹಾಕಿದರೆ ಮಾತ್ರ ಮಸಲ್ ಕಾರು. 1964ರಲ್ಲಿ ಪಾಂಟಿಯಾಕ್‌ನ ಮಾತೃಸಂಸ್ಥೆ ಜಿಎಂ ಒಳಗೆ ಅಂಥ ಕಾರಿಗೆ 330 ಘನ ಅಂಗುಲದ ಮಿತಿ ಇತ್ತು. ಪಾಂಟಿಯಾಕ್‌ನವರು 389 ಹಾಕಿ ಆಪ್ಷನ್ ಅಂತ ತೋರಿಸಿ ಜಿಟಿಒ ಬಿಟ್ಟರು. ಅಸಲಿ ಕಥೆ ಅದು.

ಮಲೆನಾಡ ಮಸ್ಟ್ಯಾಂಗ್: 428 ಇರುವ ಗಾಡಿಗೆ ಕುದುರೆ ಮರಿ ಅಂತೀರಾ? ಒಂದು ಸಲ ಪಕ್ಕದಲ್ಲಿ ಕೂತು ನೋಡಿ.

ಹಾಸನದ ಹೈದ: ನಮ್ಮ ಮಾವನ ಮನೆಯಲ್ಲಿ ಕಾಂಟೆಸಾ ಇದೆ. ಭಾರತದ ಮಸಲ್ ಕಾರು ಅಂದ್ರೆ ಅದೇ. ಎಷ್ಟು ಬಾಳುತ್ತೆ ಮೇಷ್ಟ್ರೇ?

ಶಿಕಾಗೋ ಶಾನುಭೋಗ: ಕಾಂಟೆಸಾ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್‌ನ ಬಾಡಿ. ಮಸಲ್ ಎಲ್ಲಿಂದ ಬಂತು?

ಹಾಸನದ ಹೈದ: ನಮ್ಮೂರ ಮದುವೆ ದಿಬ್ಬಣದಲ್ಲಿ ಅದು ಬರೋದನ್ನ ನೀವು ನೋಡಿಲ್ಲ ಬಿಡಿ.

ನುಡಿಪ್ರೇಮಿ: ಗುಂಪಿನ ಹೆಸರಿನಲ್ಲಿ ಕನ್ನಡ ಇದೆ. ಎಂಜಿನ್, ಬ್ಲಾಕ್, ರಿವೆಟ್ ಅಂತ ಬರೆಯೋದೇಕೆ? ಕನ್ನಡದ ಪದ ಬಳಸಬಹುದಲ್ವಾ?

ಗ್ಯಾರೇಜ್ ಮೇಷ್ಟ್ರು: ನೀವು ಪದ ಕೊಡಿ, ಬಳಸುತ್ತೇನೆ. ಮೆಕ್ಯಾನಿಕ್‌ಗೂ ಅರ್ಥ ಆಗಬೇಕು ಅಷ್ಟೇ.

ಸ್ಯಾನ್ ಹೋಸೆ ಸೀನ: 1969ರ ಡಾಡ್ಜ್ ಚಾರ್ಜರ್. ವಿಐಎನ್ ಎಕ್ಸ್‌ಪಿ29ಎಚ್9. ಮಾರುವವರು ಆರ್/ಟಿ, ಅಂದರೆ ಹೆಚ್ಚು ಬಲದ ಮಾಡೆಲ್ ಅಂತಾರೆ.

ಗ್ಯಾರೇಜ್ ಮೇಷ್ಟ್ರು: ಅಲ್ಲ. ಎಕ್ಸ್‌ಪಿ ಸಾದಾ ಚಾರ್ಜರ್. ಆರ್/ಟಿ ಆದರೆ ಎಕ್ಸ್‌ಎಸ್. ಕ್ರೈಸ್ಲರ್‌ನವರು ಐದನೇ ಅಕ್ಷರದಲ್ಲೇ ಎಂಜಿನ್ ಯಾವುದು ಅಂತ ಹೇಳಿಬಿಡುತ್ತಾರೆ. ಎಚ್ ಅಂದರೆ ನಾಲ್ಕು ಬ್ಯಾರೆಲ್ ಕಾರ್ಬ್ಯುರೇಟರಿನ 383, ಎಲ್ ಅಂದರೆ 440, ಜೆ ಅಂದರೆ ಹೆಮಿ ಅನ್ನುವ 426 ಎಂಜಿನ್. ಒಳ್ಳೆ ಕಾರೇ, ಆರ್/ಟಿ ಬೆಲೆ ಕೊಡಬೇಡಿ. ಹಿಂದಿನ ಸೀಟಿನ ಸ್ಪ್ರಿಂಗ್ ಸಂದಿಯಲ್ಲಿ ಬ್ರಾಡ್‌ಕಾಸ್ಟ್ ಶೀಟ್ (ಕಾರಿಗೆ ಏನೇನು ಹಾಕಬೇಕು ಅಂತ ಕಾರ್ಖಾನೆಯ ಚೀಟಿ) ಇದೆಯಾ ಹುಡುಕಿ. ಇಲಿ ಕಡಿದಿದ್ದರೂ ಇರುವಷ್ಟನ್ನು ಎಸೆಯಬೇಡಿ.

ಫೀನಿಕ್ಸ್ ಫಣಿ: 1971ರ ಹೆಮಿ ಕುಡಾ, ಅಂದರೆ ಹೆಮಿ ಎಂಜಿನ್ನಿನ ಪ್ಲಿಮತ್ ಬಾರಾಕುಡಾ 2014ರಲ್ಲಿ 35 ಲಕ್ಷ ಡಾಲರ್‌ಗೆ ಹೋಯಿತು. ನನ್ನದೂ 71ರ ಬಾರಾಕುಡಾ, 318 ಎಂಜಿನ್. ಒಂದು ಲಕ್ಷ ಆದರೂ ಬರಬಹುದಾ?

ಗ್ಯಾರೇಜ್ ಮೇಷ್ಟ್ರು: ಅದು ಹೆಮಿ, ಕನ್ವರ್ಟಿಬಲ್, ನಾಲ್ಕು ಗೇರ್. ಆ ವರ್ಷ ಹೆಮಿ ಕನ್ವರ್ಟಿಬಲ್‌ಗಳು ಬೆರಳೆಣಿಕೆಯಷ್ಟು. ನಿಮ್ಮದಕ್ಕೂ ಅದಕ್ಕೂ ಅಡ್ಡಹೆಸರು ಒಂದೇ.

ಫೀನಿಕ್ಸ್ ಫಣಿ: ಇಷ್ಟು ಒರಟಾಗಿ ಹೇಳಬೇಕಾಗಿರಲಿಲ್ಲ.

ಮೈಸೂರು ಮಂಜ: 1970ರ ಷೆವೆಲ್ ಒಂದನ್ನು ಮೈಸೂರಿಗೆ ತರಿಸಬೇಕು ಅಂತಿದ್ದೇನೆ. ಸುಂಕ ಎಷ್ಟು ಬೀಳುತ್ತೆ ಸಾರ್?

ಹಾಸನದ ಹೈದ: ಸುಂಕ ಗೊತ್ತಿಲ್ಲ. ನೋಂದಣಿಗೆ 2021ರ ನಿಯಮ ಇದೆ. 50 ವರ್ಷ ದಾಟಿದ್ದರೆ ವಿಂಟೇಜ್, ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ.

ಬಸವನಗುಡಿ ಬಾಯ್: ಹತ್ತು ವರ್ಷ ಆದ್ಮೇಲೆ ಗುಜರಿಗೆ ಹಾಕ್ತಾರಂತೆ, ವಿಡಿಯೋ ಬಂದಿದೆ.

ಹಾಸನದ ಹೈದ: ಸುಳ್ಳು. 5,000 ಕೊಟ್ಟು ನವೀಕರಿಸಬಹುದು. ನಿಮಗೆ ಬರೋ ವಿಡಿಯೋ ಎಲ್ಲ ಇಂಥದ್ದೇ.

ಬಸವನಗುಡಿ ಬಾಯ್: ಮಾತು ಸರಿಯಾಗಿರಲಿ.

ಟ್ಯಾಂಪಾ ತಮ್ಮಯ್ಯ: 66ರ ಜಿಟಿಒ ಪೇಪರ್ ಎಲ್ಲಿ ಸಿಗುತ್ತೆ?

ಗ್ಯಾರೇಜ್ ಮೇಷ್ಟ್ರು: ಮೇಲೆ ಇದೆ.

ಪೋರ್ಟ್‌ಲ್ಯಾಂಡ್ ಪದ್ದು: ಪಾಂಟಿಯಾಕ್ ಇತಿಹಾಸ ತಿಳಿಯೋಕೆ ವೆಬ್‌ಸೈಟ್ ಇದೆಯಾ ಸಾರ್?

ಗ್ಯಾರೇಜ್ ಮೇಷ್ಟ್ರು: ಮೇಲೆ.

ಡಲ್ಲಾಸ್ ದೊರೆ: ನನ್ನ ಝಡ್/28ರಲ್ಲಿ ಕಾರ್ಖಾನೆಯ ಎಸಿ ಕೂಡ ಇದೆ ಸಾರ್. ಅದು ಅಪರೂಪ ಅಲ್ವಾ?

ಗ್ಯಾರೇಜ್ ಮೇಷ್ಟ್ರು: 69ರ ಝಡ್/28ಗೆ ಎಸಿ ಕೊಡುತ್ತಲೇ ಇರಲಿಲ್ಲ. ನೀವೇ ಒಂದೊಂದಾಗಿ ಸಾಕ್ಷಿ ಹೇಳುತ್ತಿದ್ದೀರಿ.

ಆಸ್ಟಿನ್ ಅನು: ಇಷ್ಟೆಲ್ಲ ನಂಬರ್ ಗೋಳು ಯಾಕೆ? ಜಿಎಂನ ಹೊಸ ಕಾಲದ ಎಲ್ಎಸ್ ಎಂಜಿನ್ ಹಾಕಿ, ಒಳ್ಳೆ ಬ್ರೇಕ್ ಹಾಕಿ, ಆರಾಮಾಗಿ ಓಡಿಸಿ. ಕಾರು ಇರೋದು ಓಡಿಸೋಕೆ.

ಶಿಕಾಗೋ ಶಾನುಭೋಗ: ಅಜ್ಜಿಯ ಕಾಸಿನ ಸರ ಕರಗಿಸಿ ಫ್ಯಾಶನ್ ಚೈನ್ ಮಾಡಿಸೋ ಜಾತಿ ನೀವು.

ಆಸ್ಟಿನ್ ಅನು: ನಿಮ್ಮ ಸರ ಬ್ಯಾಂಕ್ ಲಾಕರ್‌ನಲ್ಲೇ ಇರುತ್ತೆ. ನನ್ನದು ಕತ್ತಿನಲ್ಲಿರುತ್ತೆ.

ಗ್ಯಾರೇಜ್ ಮೇಷ್ಟ್ರು: ಅನು ಅವರ ಮಾತಿನಲ್ಲಿ ತಪ್ಪಿಲ್ಲ. ಎಂಜಿನ್ ಕಳೆದುಕೊಂಡ ಸಾದಾ ಕಾರಿಗೆ ಏನು ಬೇಕಾದರೂ ಹಾಕಿ. ಅದನ್ನು ಅಸಲಿ ಅಂತ ಮಾರಿದಾಗ ಮಾತ್ರ ನನ್ನ ತಕರಾರು.

ಕೊಲಂಬಸ್ ಕಿಟ್ಟಿ: ಮೇಷ್ಟ್ರೇ, ಈಗ ಅಲ್ಲೇ ಇದ್ದೇನೆ. ಕಾರಿನ ಕೆಳಗೆ ಮಲಗಿ, ಹೆಂಡತಿಯ ಪುಟ್ಟ ಕನ್ನಡಿ ಹಿಡಿದು ನೋಡಿದೆ. ಗ್ರೀಸ್ ಒರೆಸಿದ ಮೇಲೆ ಇ, 2, 9 ಅಂತ ಕಾಣಿಸಿತು. ಫೋಟೋ ಹಾಕಿದ್ದೇನೆ, ಕನ್ನಡಿಯಲ್ಲಿ ಉಲ್ಟಾ ಇದೆ.

ಗ್ಯಾರೇಜ್ ಮೇಷ್ಟ್ರು: ಎ ಜನವರಿ, ಬಿ ಫೆಬ್ರವರಿ. ಎಣಿಸಿ ನೋಡಿ. ಇ ಅಂದರೆ ಮೇ. ಬ್ಲಾಕ್ ಎರಕ ಹೊಯ್ದದ್ದು 1969ರ ಮೇ 2. ಅದೇ ಬ್ಲಾಕಿನ ಎಂಜಿನ್ ಜೋಡಿಸಿದ್ದು ಏಪ್ರಿಲ್ 15 ಅಂತ ಮುಂದೆ ಬರೆದಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಇಲ್ಲಿ ಕೂಸಿಗೆ ಕುಲಾವಿ ಹಾಕಿ ಫೋಟೋ ಕೂಡ ತೆಗೆಸಿದ್ದಾರೆ. ಆ ಸ್ಟ್ಯಾಂಪು ಕಾರ್ಖಾನೆಯದಲ್ಲ. ಪ್ರೊಟೆಕ್ಟ್-ಒ-ಪ್ಲೇಟ್ ಹೊಸದಾಗಿ ಮಾಡಿಕೊಡುವವರೂ ಇದ್ದಾರೆ, ಅದನ್ನು ನೋಡಿ ಮನಸ್ಸು ಬದಲಾಯಿಸಬೇಡಿ. ಕೌಲ್ ಪ್ಯಾನೆಲ್ ಎತ್ತಿಸಿದಿರಾ?

ಕೊಲಂಬಸ್ ಕಿಟ್ಟಿ: ಪೇಂಟ್ ಹಾಳಾಗುತ್ತೆ, ಎತ್ತಲ್ಲ ಅಂತಾರೆ.

ಗ್ಯಾರೇಜ್ ಮೇಷ್ಟ್ರು: ನಾಲ್ಕಾರು ಸ್ಕ್ರೂ. ಪೇಂಟ್ ಹಾಳಾಗುವುದಿಲ್ಲ. ಮನೆಗೆ ಹೊರಡಿ.

ಆಸ್ಟಿನ್ ಅನು: ಹಾಗಾದರೆ ಆ ಕಾರಿನ ಬೆಲೆ ಎಷ್ಟು?

ಗ್ಯಾರೇಜ್ ಮೇಷ್ಟ್ರು: ಗುಟ್ಟಿನ ವಿಐಎನ್ ಸರಿ ಇದ್ದು, ತುಕ್ಕು ಇಲ್ಲದಿದ್ದರೆ ಒಳ್ಳೆಯ ನಕಲಿ ಅಂತ ಅಸಲಿಯ ಅರ್ಧದ ಆಸುಪಾಸು ಅಂತ ನಾನು ಬರೆಯುತ್ತಿದ್ದೆ. ವಿಐಎನ್ ಬದಲಾಗಿದ್ದರೆ ಬೆಲೆ ಸೊನ್ನೆ. ನಾನು ರಿಪೋರ್ಟ್ ಬರೆಯುವುದೂ ಇಲ್ಲ, ಪೊಲೀಸರಿಗೆ ಫೋನ್ ಮಾಡುತ್ತೇನೆ.

ಮೈಸೂರು ಮಂಜ: ಸಾರ್, ಸುಂಕದ ವಿಷಯ...

ಬಸವನಗುಡಿ ಬಾಯ್: ಅವರು ದೊಡ್ಡವರು, ನಮ್ಮಂಥವರಿಗೆ ಉತ್ತರ ಕೊಡಲ್ಲ.

ಗ್ಯಾರೇಜ್ ಮೇಷ್ಟ್ರು: ಕಿಟ್ಟಿ, ಅಡ್ವಾನ್ಸ್‌ಗೆ ರಸೀದಿ ಇದೆಯಾ? ನಂಬರ್ಸ್ ಮ್ಯಾಚಿಂಗ್ ಅಂತ ಮೆಸೇಜಿನಲ್ಲಿ ಬರೆದಿದ್ದಾರಾ?

ಕೊಲಂಬಸ್ ಕಿಟ್ಟಿ: ಎರಡೂ ಇವೆ. ಆದರೆ ಈಗ ಫೋನ್ ಎತ್ತುತ್ತಿಲ್ಲ. ದಾರಿಯಲ್ಲಿ ಪೆಟ್ರೋಲ್ ಬಂಕ್‌ನಲ್ಲಿ ನಿಂತು ಜಾಹೀರಾತು ತೆಗೆದು ನೋಡಿದೆ. ಬೆಲೆ 74,500 ಆಗಿದೆ. ಎಂಜಿನ್ ನಂಬರಿನ ಫೋಟೋ ಬದಲಾಯಿಸಿದ್ದಾರೆ. ಹೊಸದರಲ್ಲಿ ಪ್ಯಾಡ್ ಪಳಪಳ ಹೊಳೀತಿದೆ, ಈಗಷ್ಟೇ ಉಜ್ಜಿದ ಹಾಗೆ.

ಗ್ಯಾರೇಜ್ ಮೇಷ್ಟ್ರು: ಹಳೇ ಫೋಟೋ ನಿಮ್ಮ ಫೋನಿನಲ್ಲಿ ಇದೆ ತಾನೇ?